ಇಲ್ಲಿ ಆಲೂ ಟಿಕ್ಕಿ ಸಿಗುವುದಿಲ್ಲ: ಅಮೆರಿಕದ ಸಿಯಾಟಲ್‌ಗೆ ಹೊಸದಾಗಿ ಬಂದ ಮನೆಗಳಿಗೆ ಫಾಸ್ಟ್‌ಫುಡ್ ಮಾರ್ಗದರ್ಶಿ

ಊರಿಂದ ಬಂದ ಮೊದಲ ತಿಂಗಳಲ್ಲಿ ಮನೆಯಡುಗೆಗೆ ಅಷ್ಟೇನೂ ಕಷ್ಟವಾಗುವುದಿಲ್ಲ. ಸಿಯಾಟಲ್ ಸುತ್ತಲಿನ ರೆಡ್ಮಂಡ್, ಬೆಲ್‌ವ್ಯೂ, ಬಾಥೆಲ್ ಕಡೆಯ ಭಾರತೀಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಕರಿಬೇವು ಎಲ್ಲ ಸಿಗುತ್ತವೆ. ಕಷ್ಟ ಶುರುವಾಗುವುದು ಹೊರಗೆ ಹೊರಟಾಗ. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳಿಗೆ ಮೆಕ್‌ಡೊನಾಲ್ಡ್ಸ್‌ನ ಹಳದಿ ಕಮಾನು ಕಂಡರೆ ಸಾಕು, ಪರಿಚಯದವರನ್ನು ಕಂಡಷ್ಟು ಖುಷಿ. ಒಳಗೆ ಹೋಗಿ ಆಲೂ ಟಿಕ್ಕಿ ಕೇಳಿದರೆ ಕೌಂಟರಿನಲ್ಲಿ ನಿಂತವರಿಗೆ ಅದು ಏನೆಂದೇ ಗೊತ್ತಿರುವುದಿಲ್ಲ.

ಮೆಕ್‌ಡೊನಾಲ್ಡ್ಸ್ 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದಾಗ ದನದ ಮಾಂಸವನ್ನೂ ಹಂದಿ ಮಾಂಸವನ್ನೂ ಪೂರ್ತಿ ಬಿಟ್ಟಿತು. ವೆಜ್ ಮತ್ತು ನಾನ್‌ವೆಜ್ ಅಡುಗೆಯನ್ನು ಬೇರೆ ಬೇರೆ ಮಾಡಿತು, ಮೊಟ್ಟೆಯಿಲ್ಲದ ಮೇಯೊನೀಸ್ ತಯಾರಿಸಿತು. ಕೆಎಫ್‌ಸಿ ಭಾರತಕ್ಕೆ ಬಂದದ್ದೇ ಬೆಂಗಳೂರಿನ ಬ್ರಿಗೇಡ್ ರಸ್ತೆಯ ಮೂಲಕ, 1995ರಲ್ಲಿ. ಅಲ್ಲಿ ಈಗ ವೆಜ್ ಬರ್ಗರ್ ಕೂಡ ಸಿಗುತ್ತದೆ. ಇದೆಲ್ಲ ನಮ್ಮ ನಾಲಿಗೆಗಾಗಿ, ನಮ್ಮ ಮನೆಗಳ ಕಟ್ಟುಪಾಡಿಗಾಗಿ ಆದ ಬದಲಾವಣೆ. ಅದೇ ಕಂಪನಿ ಇಲ್ಲಿ ಇಲ್ಲಿಯವರ ನಾಲಿಗೆಗೆ ಅಡುಗೆ ಮಾಡುತ್ತದೆ. ಊರಿನಲ್ಲಿ ನಂಬಿ ತಿಂದ ಹೆಸರು ಎಂಬ ಕಾರಣಕ್ಕೆ ಇಲ್ಲಿಯೂ ನಂಬಿ ತಿನ್ನಬೇಡಿ.

ನಾವು ಬಂದ ಮೊದಲ ವಾರ ಒಂದು ಅಂಗಡಿಯಲ್ಲಿ ತರಕಾರಿ ಸೂಪ್ ತೆಗೆದುಕೊಂಡೆವು. ವೆಜಿಟೇರಿಯನ್ ತಾನೇ ಅಂತ ಕೇಳಿಯೇ ತೆಗೆದುಕೊಂಡಿದ್ದೆವು. ಹುಡುಗ ಹೌದು ಅಂದಿದ್ದ. ಅರ್ಧ ಕುಡಿದ ಮೇಲೆ ನಮ್ಮ ಅತ್ತೆ ಬಟ್ಟಲು ಪಕ್ಕಕ್ಕಿಟ್ಟು, "ಇದರಲ್ಲಿ ಏನೋ ವಾಸನೆ ಕಣಮ್ಮಾ" ಅಂದರು. ಮತ್ತೆ ಹೋಗಿ ವಿಚಾರಿಸಿದರೆ, ಹಾಕಿದ್ದು ತರಕಾರಿಯೇ, ಬೇಯಿಸಿದ್ದು ಮಾತ್ರ ಕೋಳಿ ಬೇಯಿಸಿದ ನೀರಿನಲ್ಲಿ. ಹುಡುಗ ಸುಳ್ಳು ಹೇಳಿರಲಿಲ್ಲ. ಅವನ ಲೆಕ್ಕದಲ್ಲಿ ಮಾಂಸದ ತುಂಡು ಇಲ್ಲದಿದ್ದರೆ ವೆಜಿಟೇರಿಯನ್. ಅತ್ತೆ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಹಾಗಾಗದಿರಲಿ ಎಂದೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಆದ್ದರಿಂದ ವೆಜಿಟೇರಿಯನ್ ಹೌದೋ ಅಲ್ಲವೋ ಎಂದಷ್ಟೇ ಕೇಳಬೇಡಿ. ಪದಾರ್ಥದ ಹೆಸರು ಹಿಡಿದು ಕೇಳಿ: ಚಿಕನ್ ಬ್ರಾತ್ ಅಂದರೆ ಕೋಳಿ ಬೇಯಿಸಿದ ನೀರು ಇದೆಯಾ, ಬೀಫ್ ಬ್ರಾತ್ ಇದೆಯಾ, ಲಾರ್ಡ್ ಅಂದರೆ ಹಂದಿ ಕೊಬ್ಬು ಇದೆಯಾ, ಕರಿಯುವುದು ಯಾವ ಎಣ್ಣೆಯಲ್ಲಿ. ಊರಿನ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಇಲ್ಲಿಲ್ಲ. ಕೇಳಲು ಸಂಕೋಚ ಬೇಡ. ಅಲರ್ಜಿ ಇರುವವರು ದಿನವೂ ಕೇಳುತ್ತಾರೆ, ಹಾಗಾಗಿ ಅಂಗಡಿಯವರಿಗೆ ಇದು ಅಭ್ಯಾಸ.

ಫ್ರೆಂಚ್ ಫ್ರೈಸ್ ವಿಷಯ

ಇದೊಂದನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಅಮೆರಿಕದ ಮೆಕ್‌ಡೊನಾಲ್ಡ್ಸ್ ಫ್ರೈಸ್ ಸಸ್ಯಾಹಾರವಲ್ಲ. 1990ರವರೆಗೆ ಅದನ್ನು ಬಹುಪಾಲು ದನದ ಕೊಬ್ಬಿನಲ್ಲಿಯೇ ಕರಿಯುತ್ತಿದ್ದರು. ಆ ವರ್ಷ ಸಸ್ಯಜನ್ಯ ಎಣ್ಣೆಗೆ ಬದಲಾದರು. ಆದರೆ ಇಲ್ಲಿಯ ಜನಕ್ಕೆ ಹಳೆಯ ರುಚಿಯೇ ಬೇಕಿತ್ತು; ಅದಕ್ಕಾಗಿ ಬೀಫ್ ಫ್ಲೇವರ್ ಸೇರಿಸಿದರು. ಎಣ್ಣೆ ಬದಲಾದ ಸುದ್ದಿ ಓದಿದ ಎಷ್ಟೋ ಹಿಂದೂ ಕುಟುಂಬಗಳು ಹತ್ತು ವರ್ಷ ನಿಶ್ಚಿಂತೆಯಿಂದ ತಿಂದವು. 2001ರಲ್ಲಿ ನಮ್ಮ ಸಿಯಾಟಲ್‌ನಲ್ಲೇ ಭಾರತೀಯ ಮೂಲದ ವಕೀಲರೊಬ್ಬರು ಮೊಕದ್ದಮೆ ಹೂಡಿದರು. ಮರುವರ್ಷ ಕಂಪನಿ ಕ್ಷಮೆ ಕೇಳಿ, ಸಸ್ಯಾಹಾರಿ ಮತ್ತು ಹಿಂದೂ ಸಂಸ್ಥೆಗಳೂ ಸೇರಿದಂತೆ ಹಲವು ಸಂಸ್ಥೆಗಳಿಗೆ ಒಟ್ಟು 1 ಕೋಟಿ ಡಾಲರ್ ಕೊಡಲು ಒಪ್ಪಿತು. ಫ್ರೈಸ್ ಬದಲಾಗಲಿಲ್ಲ. ಇಂದಿಗೂ ಅವರ ಪದಾರ್ಥಪಟ್ಟಿಯಲ್ಲಿ 'ನ್ಯಾಚುರಲ್ ಬೀಫ್ ಫ್ಲೇವರ್' ಎಂದೇ ಇದೆ. ಭಾರತದ ಫ್ರೈಸ್‌ನಲ್ಲಿ ಇದಿಲ್ಲ. ಮಕ್ಕಳು "ಊರಲ್ಲಿ ಕೊಡಿಸ್ತಿದ್ರಲ್ಲಾ" ಅಂದರೆ ಗದರಬೇಡಿ, ಇದನ್ನೇ ವಿವರಿಸಿ. ಏಳೆಂಟು ವರ್ಷದ ಮಕ್ಕಳಿಗೂ ಅರ್ಥವಾಗುತ್ತದೆ.

ಬಫಲೋ ವೈಲ್ಡ್ ವಿಂಗ್ಸ್‌ನಲ್ಲಿ ಕರಿಯುವುದೇ ದನದ ಕೊಬ್ಬಿನಲ್ಲಿ. 2025ರಲ್ಲಿ ಸ್ಟೇಕ್ ಎನ್ ಶೇಕ್ ಕೂಡ ಎಣ್ಣೆ ಬಿಟ್ಟು ಕೊಬ್ಬಿಗೆ ಮರಳಿತು. ಹೋದ ವರ್ಷ ಸರಿಯಿದ್ದ ಕಡೆ ಈ ವರ್ಷ ಬದಲಾಗಿರಬಹುದು, ಇನ್ನೊಮ್ಮೆ ಕೇಳಿ. ಫೈವ್ ಗೈಸ್‌ನಲ್ಲಿ ಕಡಲೆಕಾಯಿ ಎಣ್ಣೆಯಲ್ಲಿ ಕರಿಯುತ್ತಾರೆ. ನಮಗೆ ಒಗ್ಗುವ ರುಚಿ, ಆದರೆ ಕಡಲೆಕಾಯಿ ಅಲರ್ಜಿ ಇರುವ ಮಕ್ಕಳಿದ್ದರೆ ಅದರ ಬಾಗಿಲನ್ನೂ ತುಳಿಯಬೇಡಿ. ಎಣ್ಣೆ ಸರಿಯಿದ್ದರೂ ಅದೇ ಬಾಣಲೆಯಲ್ಲಿ ಕೋಳಿ ಕರಿಯುತ್ತಾರೋ ಎಂಬುದು ಬೇರೆಯೇ ಪ್ರಶ್ನೆ. ಅದು ನಿಮಗೆ ನಡೆಯುತ್ತದೋ ಇಲ್ಲವೋ ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಿ.

ಹಾಗಾದರೆ ಎಲ್ಲಿ ತಿನ್ನುವುದು?

ನಮ್ಮಲ್ಲಿ ಹೆಚ್ಚಿನವರು ನೆಚ್ಚಿಕೊಂಡಿರುವುದು ಮೆಕ್ಸಿಕನ್ ಬಗೆಯ ತಿನಿಸು ಮಾರುವ ಟ್ಯಾಕೊ ಬೆಲ್. ಭಾರತದ ಅದರ ಮೊದಲ ಅಂಗಡಿ 2010ರಲ್ಲಿ ಬೆಂಗಳೂರಿನ ಮಂತ್ರಿ ಮಾಲ್‌ನಲ್ಲಿ ಶುರುವಾದದ್ದು, ಹಾಗಾಗಿ ಕೆಲವರಿಗೆ ಹೆಸರು ಹೊಸದಲ್ಲ. ಅಲ್ಲಿಯ ಪನೀರ್ ಇಲ್ಲಿಲ್ಲ, ಆದರೆ ಮಾಂಸದ ಬದಲು ಬೀನ್ಸ್ (ನಮ್ಮ ಹುರುಳಿಕಾಯಿ ಅಲ್ಲ, ರಾಜ್ಮಾದಂಥ ಬೇಯಿಸಿದ ಕಾಳು) ಹಾಕಿಸಿಕೊಳ್ಳಬಹುದು. ಅಂಗಡಿಯೊಳಗಿನ ಪರದೆಯಲ್ಲಿ 'ವೆಜ್ಜಿ ಮೋಡ್' ಒತ್ತಿದರೆ ಸಸ್ಯಾಹಾರದ ತಿನಿಸುಗಳು ಮಾತ್ರ ಕಾಣುತ್ತವೆ. ಇವಕ್ಕೆ ಅಮೆರಿಕನ್ ವೆಜಿಟೇರಿಯನ್ ಅಸೋಸಿಯೇಷನ್ನಿನ ಮಾನ್ಯತೆಯೂ ಇದೆ. ಆ ಲೆಕ್ಕದಲ್ಲಿ ಮೊಟ್ಟೆಯೂ ಸಸ್ಯಾಹಾರವೇ; ಮೊಟ್ಟೆ ತಿನ್ನದವರು ಬೆಳ್ಳಗಿನ ಕ್ರೀಮಿ ಸಾಸ್‌ಗಳನ್ನು ಬೇಡ ಎನ್ನಿ. ಖಾರಕ್ಕೆ ಡಯಾಬ್ಲೊ ಸಾಸ್ ಪೊಟ್ಟಣ ಕೇಳಿ. ಮಿಕ್ಕವು ನಮ್ಮ ನಾಲಿಗೆಗೆ ಸಪ್ಪೆ.

ಟ್ಯಾಕೊ ಬೆಲ್‌ನ ಬೀನ್ಸ್ ಸರಿಯಿದೆ ಎಂದು ಎಲ್ಲ ಮೆಕ್ಸಿಕನ್ ಹೋಟೆಲಿನಲ್ಲಿಯೂ ರಿಫ್ರೈಡ್ ಬೀನ್ಸ್ (ಬೇಯಿಸಿ ಹಿಸುಕಿ ಹುರಿದ ಕಾಳು) ತಿನ್ನಬೇಡಿ. ಸಾಂಪ್ರದಾಯಿಕವಾಗಿ ಅದನ್ನು ಮಾಡುವುದು ಹಂದಿ ಕೊಬ್ಬಿನಲ್ಲಿ, ಅನ್ನವನ್ನೂ ಕೋಳಿ ನೀರಿನಲ್ಲಿ ಬೇಯಿಸುವುದುಂಟು.

ಚಿಪೋಟ್ಲೆ ಎಂಬ ಮೆಕ್ಸಿಕನ್ ಬಗೆಯ ಅಂಗಡಿಯ ಅನ್ನಕ್ಕೆ ಕೊತ್ತಂಬರಿ, ನಿಂಬೆರಸ ಹಾಕಿರುತ್ತಾರೆ. ಒಗ್ಗರಣೆ ಒಂದಿದ್ದರೆ ಚಿತ್ರಾನ್ನವೇ ಅನ್ನಿಸುತ್ತದೆ. ಅಲ್ಲಿಯ ಎರಡು ಬಗೆಯ ಬೀನ್ಸ್, ಹುರಿದ ಕ್ಯಾಪ್ಸಿಕಂ-ಈರುಳ್ಳಿ, ಸೋಫ್ರಿಟಾಸ್ ಎಂಬ ತೋಫು ಪಲ್ಯ, ಎಲ್ಲವೂ ಸಸ್ಯಾಹಾರ. ಮಾಂಸ ಮುಟ್ಟಿದ ಕೈಗವಸು ಬದಲಾಯಿಸಿ ಎಂದರೆ ಬದಲಾಯಿಸುತ್ತಾರೆ.

ಬರ್ಗರ್ ಕಿಂಗ್‌ನಲ್ಲಿ 2019ರಿಂದ ಇಂಪಾಸಿಬಲ್ ವಾಪರ್ ಎಂಬ ಬರ್ಗರ್ ಇದೆ. ಮಾಂಸ ಬಿಟ್ಟವರಿಗೆ ಮಾಂಸದ ರುಚಿ ಸಿಗಲೆಂದು ಸಸ್ಯದಿಂದ ಮಾಡಿದ್ದು. ಹುಟ್ಟು ಸಸ್ಯಾಹಾರಿಗಳಿಗೆ ಆ ವಾಸನೆಯೇ ಹಿಡಿಸುವುದಿಲ್ಲ. ತಿನ್ನುವುದಾದರೆ, ಮಾಂಸ ಬೇಯಿಸುವ ಬ್ರಾಯ್ಲರ್ ಒಲೆಯಲ್ಲಿ ಬೇಡ, ಬೇರೆಯಾಗಿ ಬಿಸಿ ಮಾಡಿಕೊಡಿ, ಮೇಯೊ ಬೇಡ ಎಂದು ಹೇಳಬೇಕು.

ಸಿಯಾಟಲ್‌ನದ್ದೇ ಆದ ಫಾಸ್ಟ್‌ಫುಡ್ ಟೆರಿಯಾಕಿ, ಅಂದರೆ ಸಿಹಿ ಸೋಯಾ ಸಾಸ್ ಹಚ್ಚಿ ಸುಟ್ಟ ಕೋಳಿ. 1976ರಲ್ಲಿ ತೋಶಿ ಕಸಹಾರ ಎಂಬ ಜಪಾನಿ ಇಲ್ಲಿ ಸಣ್ಣ ಅಂಗಡಿ ತೆರೆದು, ತಮ್ಮ ದೇಶದ ಟೆರಿಯಾಕಿಯನ್ನು ಇಲ್ಲಿಯವರಿಗೆ ಹಿಡಿಸುವಂತೆ ಸಿಹಿ ಹೆಚ್ಚಿಸಿ, ಅನ್ನ, ಎಲೆಕೋಸಿನ ಸಲಾಡ್ ಜೊತೆ ಕೊಟ್ಟರು. ಇಂದು ಬೀದಿಗೊಂದು ಟೆರಿಯಾಕಿ ಅಂಗಡಿ ಇದೆ. ಕೋಳಿ ತಿನ್ನುವವರು ತಪ್ಪದೆ ತಿನ್ನಿ. ತೋಫು ಟೆರಿಯಾಕಿಯೂ ಇರುತ್ತದೆ, ಕಾವಲಿ ಬೇರೆಯೋ ಒಂದೆಯೋ ವಿಚಾರಿಸಿಕೊಳ್ಳಿ.

ಕೋಳಿ, ಮೀನು ತಿಂದು ದನದ ಮಾಂಸ ಬೇಡವೆನ್ನುವ ಮನೆಗಳು ಹೆಸರುಗಳಿಗೆ ಮೋಸ ಹೋಗಬಾರದು. ಹ್ಯಾಂಬರ್ಗರ್ ಅಂದರೆ ದನದ ಮಾಂಸ. ಪೆಪ್ಪರೋನಿಗೂ ಮೆಣಸಿಗೂ ಸಂಬಂಧವಿಲ್ಲ, ಅದು ಸಾಮಾನ್ಯವಾಗಿ ಹಂದಿ ಮತ್ತು ದನದ ಮಾಂಸದ ಸಾಸೇಜ್. ಮೀನಿನ ಚೌಡರ್ ಸೂಪಿಗೂ ಹಂದಿಯ ಬೇಕನ್ ಹಾಕುವುದುಂಟು. ಮೆಕ್‌ಡೊನಾಲ್ಡ್ಸ್‌ನಲ್ಲಿ ಇಂಥವರಿಗೆ ಫಿಲೆ-ಒ-ಫಿಶ್ ಇದೆ. ಅದು ಹುಟ್ಟಿದ ಕಥೆ ನನಗೆ ತುಂಬ ಇಷ್ಟ. 1962ರಲ್ಲಿ ಸಿನ್ಸಿನಾಟಿಯ ಮೆಕ್‌ಡೊನಾಲ್ಡ್ಸ್ ಅಂಗಡಿಯ ಮಾಲೀಕರೊಬ್ಬರಿಗೆ ಶುಕ್ರವಾರ ವ್ಯಾಪಾರವೇ ಆಗುತ್ತಿರಲಿಲ್ಲ. ಸುತ್ತಲಿನ ಕ್ಯಾಥೊಲಿಕರು ಅಂದು ಮಾಂಸ ಮುಟ್ಟುತ್ತಿರಲಿಲ್ಲ. ಅದಕ್ಕಾಗಿ ಆ ಮಾಲೀಕರು ಮೀನಿನ ಬನ್ ಮಾಡಿದರು. ಕಂಪನಿಯ ಮುಖ್ಯಸ್ಥ ರೇ ಕ್ರಾಕ್ ಅನಾನಸ್-ಚೀಸ್ ಹಾಕಿದ ಹುಲಾ ಬರ್ಗರ್ ಮುಂದಿಟ್ಟರು. ಮಾರಾಟದಲ್ಲಿ ಮೀನು ಗೆದ್ದಿತು. ನಮ್ಮ ಶನಿವಾರ, ಸೋಮವಾರಗಳಂತೆ ಅವರ ಶುಕ್ರವಾರ. ಗಿರಾಕಿಗಳ ವ್ರತಕ್ಕಾಗಿ ಮೆನು ಬದಲಾದದ್ದು ಈ ದೇಶದಲ್ಲೂ ಇದೆ. ಆದ್ದರಿಂದ ಕೇಳುವುದನ್ನು ಬಿಡಬೇಡಿ.

ನಮ್ಮ ಮುಸ್ಲಿಂ ಮನೆಗಳಿಗೆ ಒಂದು ಮಾತು: ಊರಿನಲ್ಲಿ ಈ ಕಂಪನಿಗಳ ಕೋಳಿ ಹಲಾಲ್ ಎಂದು ಇಲ್ಲಿಯೂ ಹಾಗೆಂದುಕೊಳ್ಳಬೇಡಿ. ಹಲಾಲ್ ಫಲಕ ಹಾಕಿದ ಗೈರೊ (ರೊಟ್ಟಿಯಲ್ಲಿ ಸುತ್ತಿದ ಮಾಂಸ), ಕಬಾಬ್ ಅಂಗಡಿಗಳನ್ನೇ ನೋಡಿ.

ಇನ್ನು ಕೆಲವು ಸಣ್ಣ ವಿಷಯ. ಪಾರ್ಸೆಲ್‌ಗೆ ಇಲ್ಲಿ 'ಟು ಗೋ' ಎನ್ನುತ್ತಾರೆ. 'ಗ್ರೀನ್ ಪೆಪರ್' ಅಂದರೆ ಕ್ಯಾಪ್ಸಿಕಂ, ಹಸಿಮೆಣಸಿನಕಾಯಿಯಲ್ಲ. ಖಾರ ಬೇಕಿದ್ದರೆ ಹಲಪೀನ್ಯೊ ಕೇಳಿ. ಮೊದಲ ಸಲ ಡ್ರೈವ್ ಥ್ರೂಗೆ ಹೋಗಬೇಡಿ, ಹಿಂದೆ ಕಾರುಗಳು ನಿಂತಿದ್ದಾಗ ವಿಚಾರಿಸಲು ಆಗುವುದಿಲ್ಲ. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಮಾರ್ಷ್‌ಮೆಲೋ, ಗಮ್ಮಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯಿಂದ ಬರುವ ವಸ್ತು. ಟೀಚರ್‌ಗೆ ವರ್ಷದ ಆರಂಭದಲ್ಲೇ ಒಂದು ಚೀಟಿ ಬರೆದುಕೊಡಿ.

ದೂರ ಪ್ರಯಾಣಕ್ಕೆ ಹೊರಟರೆ, ಅದರಲ್ಲೂ ಪೂರ್ವಕ್ಕೆ ಬೆಟ್ಟ ದಾಟಿ ಹೋಗುವಾಗ, ಭಾರತೀಯ ಹೋಟೆಲು ಸಿಗುವುದು ಅಪರೂಪ. ಡಬ್ಬಿಯಲ್ಲಿ ಚಟ್ನಿಪುಡಿ ಇಟ್ಟುಕೊಳ್ಳಿ. ಹೆದ್ದಾರಿ ಪಕ್ಕದ ಟ್ಯಾಕೊ ಬೆಲ್‌ನಲ್ಲಿ ರೊಟ್ಟಿಯಲ್ಲಿ ಸುತ್ತಿದ ಬೀನ್ಸ್ ಬುರಿಟೊ ತೆಗೆದುಕೊಂಡು, ಬಿಡಿಸಿ, ಎರಡು ಚಮಚ ಪುಡಿ ಉದುರಿಸಿ ಮತ್ತೆ ಸುತ್ತಿ ಕೊಡಿ. ನಮ್ಮ ಅತ್ತೆ ಈಗ ಅದನ್ನೇ ಕೇಳಿ ತಿನ್ನುತ್ತಾರೆ.