ಒಂದೇ ಹಾಡಿಗೆ ಮೂರು ಬೇಸ್ ಟ್ರ್ಯಾಕ್: ಮನೆಯಲ್ಲೇ ಮಿಕ್ಸ್ ಮಾಡುವುದು ಹೇಗೆ

ಮನೆಯಲ್ಲಿ ರೆಕಾರ್ಡ್ ಮಾಡುವಾಗ ಒಂದು ಹಾಡಿಗೆ ಎರಡು ಮೂರು ಬೇಸ್ ಗಿಟಾರ್ ಟ್ರ್ಯಾಕ್ ಸೇರಿಕೊಳ್ಳುವುದು ಮಾಮೂಲು. ಇಂಟರ್‌ಫೇಸ್‌ಗೆ (ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ನೇರ ಚುಚ್ಚಿ ತೆಗೆದ ಡಿಐ, ಅಂದರೆ ಡೈರೆಕ್ಟ್ ಟ್ರ್ಯಾಕ್, ಒಂದು, ಆಂಪ್ ಮುಂದೆ ಮೈಕ್ ಇಟ್ಟದ್ದು ಒಂದು, ಮೇಲಿನ ಫ್ರೆಟ್‌ಗಳಲ್ಲಿ ನುಡಿಸಿದ ಮೆಲಡಿ ಇನ್ನೊಂದು. ಮೂರನ್ನೂ ಒಟ್ಟಿಗೆ ಪ್ಲೇ ಮಾಡಿದರೆ ಸೌಂಡ್ ದಪ್ಪ ಆಗಬೇಕು, ಅಲ್ವಾ? ಆಗುವುದಿಲ್ಲ. ಒಂದೋ ತೆಳ್ಳಗಾಗುತ್ತದೆ, ಇಲ್ಲಾ ಕಲಸುಮೇಲೋಗರ. ಇಕ್ಯೂಗೆ (ಶಬ್ದದ ಬೇರೆ ಬೇರೆ ಭಾಗಗಳನ್ನು ಏರಿಸಿ ಇಳಿಸುವ ಸಾಧನ) ಕೈ ಹಾಕುವ ಮೊದಲೇ ಒಂದು ವಿಷಯ ತೀರ್ಮಾನ ಮಾಡಿ: ತಳ, ಅಂದರೆ ಅತಿ ಕೆಳಗಿನ ಗಂಭೀರ ಸೌಂಡ್, ಯಾವ ಟ್ರ್ಯಾಕಿನದು? ಒಂದಕ್ಕೆ ಮಾತ್ರ ಆ ಜಾಗ ಕೊಡಿ. ಸಾಮಾನ್ಯವಾಗಿ ಡಿಐಗೆ ಕೊಡುವುದೇ ಸರಿ, ಅದರಲ್ಲಿ ರೂಮಿನ ಗಲಾಟೆ ಇರುವುದಿಲ್ಲ.

ಯಾಕೆ ಒಂದಕ್ಕೇ? ಬಿಟ್ಟ ಇ ತಂತಿ 41.2 ಹರ್ಟ್ಸ್. ಅದೇ ಸಾಲನ್ನು ಇನ್ನೊಮ್ಮೆ ನುಡಿಸಿ ಡಬಲ್ ಮಾಡಿದಿರಿ, ಎರಡನೇ ಟೇಕ್ ಟ್ಯೂನಿಂಗ್‌ನಲ್ಲಿ ಬರೀ 10 ಸೆಂಟ್ (ಪಕ್ಕದ ಫ್ರೆಟ್ಟಿಗಿರುವ ಅಂತರದ ಹತ್ತನೇ ಒಂದು ಭಾಗ) ಏರಿದೆ ಅಂದುಕೊಳ್ಳಿ. ವ್ಯತ್ಯಾಸ ಕಾಲು ಹರ್ಟ್ಸ್ ಆಸುಪಾಸು. ಅಂದರೆ ಸುಮಾರು 4 ಸೆಕೆಂಡಿಗೊಮ್ಮೆ ತಳ ಉಬ್ಬುತ್ತದೆ, ನಡುವೆ ಮಾಯವಾಗುತ್ತದೆ. ಉದ್ದನೆಯ ನೋಟ್‌ಗಳಲ್ಲಿ ಇದು ಕೇಳಲಾಗದಷ್ಟು ಕೆಟ್ಟದಾಗಿರುತ್ತದೆ. ಅದೇ 10 ಸೆಂಟ್, ನೋಟಿನ ಜೊತೆಗೇ ಮೂಡುವ ಮೇಲಿನ ಹಾರ್ಮೋನಿಕ್‌ಗಳಲ್ಲಿ ಕೋರಸ್ ಎಫೆಕ್ಟ್ ಥರ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಡಬಲ್ ಟ್ರ್ಯಾಕ್ ಅಳಿಸುವುದೇನೂ ಬೇಡ, 150 ರಿಂದ 200 ಹರ್ಟ್ಸ್ ಕೆಳಗೆ ಹೈಪಾಸ್ (ಕೆಳಗಿನದನ್ನು ತಡೆದು ಮೇಲಿನದನ್ನು ಬಿಡುವ ಫಿಲ್ಟರ್) ಹಾಕಿ ಕತ್ತರಿಸಿದರೆ ಸಾಕು.

ಈಗ ಡಿಐ ಮತ್ತು ಮೈಕ್ ಜಗಳ. ಮೈಕ್ ಸ್ಪೀಕರ್‌ನಿಂದ ಒಂದು ಅಡಿ ದೂರ ಇದ್ದರೆ ಶಬ್ದ ಅಲ್ಲಿಗೆ ಸುಮಾರು 0.9 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಕೇಳಲು ಏನೂ ಅಲ್ಲ ಅನಿಸಬಹುದು, ಆದರೆ ಎರಡೂ ಟ್ರ್ಯಾಕ್ ಸೇರಿದಾಗ 560 ಹರ್ಟ್ಸ್ ಹತ್ತಿರ ಅಲೆಗಳು ಒಂದನ್ನೊಂದು ಅಳಿಸಿಕೊಂಡು ಒಂದು ಗುಂಡಿ ಬೀಳುತ್ತದೆ, ಬೇಸ್ ‘ಗುರ್’ ಅನ್ನುವ ಜಾಗವೇ ಅದು. ಟ್ರ್ಯಾಕ್‌ಗಳನ್ನು ಚೆನ್ನಾಗಿ ಝೂಮ್ ಮಾಡಿ, ಒಂದು ಗಟ್ಟಿ ನೋಟಿನ ಮೊದಲ ಏರು ಹುಡುಕಿ, ಮೈಕ್ ಟ್ರ್ಯಾಕನ್ನು ಎಡಕ್ಕೆ ಎಳೆದು ಡಿಐ ಜೊತೆ ಕೂಡಿಸಿ. 48 ಕಿಲೋಹರ್ಟ್ಸ್ ಸೆಷನ್‌ನಲ್ಲಿ ಒಂದು ಅಡಿ ಅಂದರೆ ಸುಮಾರು 43 ಸ್ಯಾಂಪಲ್ (ಸೆಕೆಂಡಿಗೆ 48,000 ಬರುವ ಶಬ್ದದ ಪುಟ್ಟ ತುಣುಕುಗಳು). ಕಣ್ಣನ್ನಷ್ಟೇ ನಂಬಬೇಡಿ, ಆಂಪ್ ಮತ್ತು ಸ್ಪೀಕರ್ ತಾವೂ ಫೇಸ್ (ಅಲೆ ಏರಿಳಿಯುವ ಹೊತ್ತು) ತಿರುಗಿಸುತ್ತವೆ. ಮೋನೋದಲ್ಲಿ ಕೇಳುತ್ತಾ ಐದೋ ಹತ್ತೋ ಸ್ಯಾಂಪಲ್ ಆಚೀಚೆ ಸರಿಸಿ. ಆಮೇಲೆ ಒಂದು ಟ್ರ್ಯಾಕಿನ ಪೊಲಾರಿಟಿ ಬಟನ್ (ಅಲೆಯನ್ನು ತಲೆಕೆಳಗು ಮಾಡುವುದು) ಒಮ್ಮೆ ಒತ್ತಿ, ಒಮ್ಮೆ ತೆಗೆದು ಕೇಳಿ. ಯಾವುದರಲ್ಲಿ ತಳ ಜಾಸ್ತಿ ಇದೆಯೋ ಅದನ್ನೇ ಇಟ್ಟುಕೊಳ್ಳಿ.

ಆಂಪ್ ಇಲ್ಲವೇ? ಚಿಂತೆ ಬೇಡ. ಡಿಐ ಟ್ರ್ಯಾಕಿನ ನಕಲು ಮಾಡಿ. ಒಂದಕ್ಕೆ 200 ಹರ್ಟ್ಸ್‌ನಲ್ಲಿ ಲೋಪಾಸ್ (ಹೈಪಾಸ್‌ನ ಉಲ್ಟಾ, ಕೆಳಗಿನದನ್ನಷ್ಟೇ ಬಿಡುತ್ತದೆ), ಅದರ ಮೇಲೆ 4:1 ಕಂಪ್ರೆಸರ್ (ಜೋರಾದ ಭಾಗವನ್ನು ತಗ್ಗಿಸುವ ಸಾಧನ), ಜೋರಾದ ನೋಟ್‌ಗಳಲ್ಲಿ 6 ರಿಂದ 8 ಡಿಬಿ ಇಳಿಯುವಷ್ಟು. ಇದು ಅಲುಗಾಡದೆ ಮಧ್ಯದಲ್ಲಿ ಮೋನೋ ಆಗಿರಲಿ. ಇನ್ನೊಂದಕ್ಕೆ ಹೈಪಾಸ್ ಹಾಕಿ ಡಿಸ್ಟಾರ್ಷನ್ ಕೊಡಿ, ಎಷ್ಟು ಬೇಕೋ ಅಷ್ಟು ಕಿರುಚಲಿ, ತಳ ಹಾಳಾಗುವುದಿಲ್ಲ. ಇಲ್ಲೂ ಪೊಲಾರಿಟಿ ಇನ್ನೊಮ್ಮೆ ನೋಡಿ, ಫಿಲ್ಟರ್‌ಗಳೂ ಫೇಸ್ ತಿರುಗಿಸುತ್ತವೆ.

ಮೆಲಡಿ ಬೇಸ್ ಸುಲಭ. ಅದನ್ನು ಗಿಟಾರ್ ಅಂತಲೇ ತಿಳಿಯಿರಿ. ಹೈಪಾಸ್ ಹಾಕಿ, 20–30 ಪರ್ಸೆಂಟ್ ಎಡಕ್ಕೋ ಬಲಕ್ಕೋ ಸರಿಸಿ (ಪ್ಯಾನ್ ಮಾಡಿ), ಅದು ಹಾಡುವಾಗ ಮುಖ್ಯ ಬೇಸ್‌ನ ಮೇಲ್ಭಾಗವನ್ನು ಆಟೊಮೇಷನ್‌ನಲ್ಲಿ ಎರಡು ಡಿಬಿ ಇಳಿಸಿ.

ನಿಮ್ಮ ರೂಮನ್ನು ಮಾತ್ರ ನಂಬಲೇಬೇಡಿ. 10×10 ಅಡಿಯ ರೂಮು ಸುಮಾರು 56 ಹರ್ಟ್ಸ್‌ನಲ್ಲಿ ತಾನೇ ಗುಂಯ್‌ಗುಡುತ್ತದೆ, ಬಿಟ್ಟ ಎ ತಂತಿ 55. ಹಾಗಾಗಿ ಗೋಡೆ ಪಕ್ಕ ಕೂತವರಿಗೆ ಪ್ರತಿ ಎ ನೋಟೂ ಅಬ್ಬರ. ಅದನ್ನು ಇಕ್ಯೂನಲ್ಲಿ ಕತ್ತರಿಸಿದಿರೋ, ಕಾರಿನಲ್ಲಿ ಕೇಳುವಾಗ ಆ ನೋಟೇ ಇರುವುದಿಲ್ಲ. ತಳದ ತೀರ್ಮಾನಗಳನ್ನು ಹೆಡ್‌ಫೋನ್‌ನಲ್ಲಿ ಮಾಡಿ, ಅನುಮಾನ ಬಂದರೆ ಅನಲೈಸರ್ ನೋಡಿ. ಇನ್ನೊಂದು ತಲೆನೋವು ಹಮ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದು. ನಮ್ಮ ಕರೆಂಟ್ 50 ಹರ್ಟ್ಸ್, ಇ ತಂತಿಯ ಮೂರನೇ ಫ್ರೆಟ್‌ನ ಜಿ 49. ಹಮ್ ತೆಗೆಯಲು ನಾಚ್ (ಒಂದೇ ಕಿರಿದಾದ ಜಾಗವನ್ನು ಕತ್ತರಿಸುವ ಫಿಲ್ಟರ್) ಹಾಕಿದರೆ ಜಿ ಕೂಡ ಹೋಯಿತು. ರೆಕಾರ್ಡ್ ಮಾಡುವಾಗಲೇ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಡಿಐ ಬಾಕ್ಸ್ ಇದ್ದರೆ ಅದರ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ ನೋಡಿ.

ಕೊನೆಗೆ ಎಲ್ಲವನ್ನೂ, ಟ್ರ್ಯಾಕ್‌ಗಳು ಒಟ್ಟುಗೂಡುವ ಒಂದೇ ಬೇಸ್ ಬಸ್‌ಗೆ ಕಳಿಸಿ, ಅಲ್ಲಿ 2–3 ಡಿಬಿ ಮಾತ್ರ ಕಂಪ್ರೆಸ್ ಮಾಡಿ. ಕಿಕ್ ಡ್ರಮ್ ಜೊತೆಗಿನ ಲೆವೆಲ್ ಈ ಬಸ್‌ನಲ್ಲೇ ಹೊಂದಿಸಿ, ಬಿಡಿ ಟ್ರ್ಯಾಕ್‌ಗಳನ್ನು ಮತ್ತೆ ಮುಟ್ಟಬೇಡಿ. ನಂತರ ಫೋನ್ ಸ್ಪೀಕರ್‌ನಲ್ಲಿ ಕೇಳಿ. ಬೇಸ್ ಕಾಣೆಯಾಗಿದ್ದರೆ ತಳ ಏರಿಸಿ ಪ್ರಯೋಜನವಿಲ್ಲ, ಆ ಪುಟ್ಟ ಸ್ಪೀಕರ್ ಅದನ್ನು ನುಡಿಸುವುದೇ ಇಲ್ಲ. ಡಿಸ್ಟಾರ್ಷನ್ ಟ್ರ್ಯಾಕಿನ 700 ರಿಂದ 1000 ಹರ್ಟ್ಸ್ ಭಾಗವನ್ನು ಒಂದೆರಡು ಡಿಬಿ ಏರಿಸಿ, ಸಾಲು ಮತ್ತೆ ಕೇಳಿಸತೊಡಗುತ್ತದೆ.