ಪುಟ್ಟ ಸ್ಕ್ರೀನಿಗೆ ಟರ್ಮಿನಸ್ ಫಾಂಟನ್ನ ನಿಮಗೆ ಬೇಕಾದ ಹಾಗೆ ತಿದ್ಕೊಳ್ಳೋದು ಹೇಗೆ

ಹಳೇ ಥಿಂಕ್‌ಪ್ಯಾಡ್ ಎಕ್ಸ್200 ಥರದ ಲ್ಯಾಪ್‌ಟಾಪು, 12.1 ಇಂಚು, 1280×800 ಸ್ಕ್ರೀನು, ಅದ್ರಲ್ಲಿ ಲಿನಕ್ಸ್ ಹಾಕ್ಕೊಂಡು ಕೋಡ್ ಬರೀತೀರಾ ಅಂದ್ರೆ ಮೊದಲು ಜಾಗದ ಲೆಕ್ಕ ಮಾಡ್ಕೊಳ್ಳಿ. 8×16 ಫಾಂಟ್ (ಅಂದ್ರೆ ಒಂದೊಂದು ಅಕ್ಷರ 8 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ) ಹಾಕಿದ್ರೆ ಸರಿಯಾಗಿ 160 ಕಾಲಂ, 50 ಸಾಲು ಸಿಗತ್ತೆ, 80 ಕಾಲಮ್ಮಿನ ಎರಡು ಫೈಲು ಪಕ್ಕಪಕ್ಕ ಇಟ್ರೆ ಮಧ್ಯದ ಗೆರೆಗೂ ಜಾಗ ಉಳಿಯಲ್ಲ. ಅದೇ 6×12 ಹಾಕಿ, 213 ಕಾಲಂ, 66 ಸಾಲು, ಎರಡು ಫೈಲೂ ಆರಾಮಾಗಿ ಕೂರತ್ತೆ. ಇಷ್ಟು ಚಿಕ್ಕ ಸೈಜಲ್ಲಿ ಮಾಮೂಲಿ ಫಾಂಟ್‌ಗಳ ಅಂಚು ಮಬ್ಬಾಗತ್ತೆ, ಬಿಟ್‌ಮ್ಯಾಪ್ ಫಾಂಟಲ್ಲಿ ಹಾಗಾಗಲ್ಲ, ಪಿಕ್ಸೆಲ್ ಒಂದೋ ಆನ್ ಇಲ್ಲ ಆಫ್.

ಇದಕ್ಕೆ ನಾನು ಹೇಳೋದು ಟರ್ಮಿನಸ್ ಅನ್ನೋ ಬಿಟ್‌ಮ್ಯಾಪ್ ಫಾಂಟು, ದಿಮಿತಾರ್ ಝೆಕೊವ್ ಅನ್ನೋವ್ರು ಮಾಡಿರೋದು. ಇನ್ನೂ ಚೆನ್ನಾಗಿರೋ ಫಾಂಟ್ ಎಲ್ಲಾದ್ರೂ ಸಿಗತ್ತಾ ಅಂತ ಹುಡುಕ್ತಾ ಕೂರೋ ಬದಲು ಇದನ್ನೇ ತಗೊಂಡು ನಿಮ್ಮ ಕಣ್ಣಿಗೆ ತೊಂದ್ರೆ ಕೊಡೋ ನಾಲ್ಕೈದು ಅಕ್ಷರ ಮಾತ್ರ ತಿದ್ದಿ, ಅಷ್ಟು ಸಾಕು.

ಪ್ಯಾಕೇಜ್ ಬೇಡ, ಸೋರ್ಸನ್ನೇ ಇಳಿಸ್ಕೊಳ್ಳಿ. ಅದ್ರಲ್ಲಿ ಒಂದೊಂದು ಸೈಜಿಗೂ ಬಿಡಿಎಫ್ ಫೈಲ್ ಇರತ್ತೆ, 12ರ ಸೈಜಿಗೆ ಮಾಮೂಲಿದು ಒಂದು, ಬೋಲ್ಡ್ ಒಂದು. ಆಲ್ಟ್ ಅನ್ನೋ ಫೋಲ್ಡರಲ್ಲಿ ಕೆಲವು ಅಕ್ಷರಕ್ಕೆ ಬೇರೆ ರೂಪದ ಪ್ಯಾಚ್‌ಗಳೂ ರೆಡಿ ಇವೆ, ಉದಾಹರಣೆಗೆ ಟಿಲ್ಡ್ (~) ಮೇಲಿರೋ ಬದಲು ಮಧ್ಯಕ್ಕೆ ಬರೋ ಹಾಗೆ, ಮೊದಲು ಅಲ್ಲಿ ನೋಡಿ, ಬೇಕಾಗಿದ್ದು ಸಿಕ್ರೆ ಕೈಯಾರೆ ಮಾಡೋ ಕೆಲಸ ತಪ್ಪತ್ತೆ.

ಬಿಡಿಎಫ್ ಅಂದ್ರೆ ಬರೀ ಟೆಕ್ಸ್ಟ್ ಫೈಲ್, ವಿಮ್ ಥರದ ಟೆಕ್ಸ್ಟ್ ಎಡಿಟರಲ್ಲೇ ತೆಗೀಬಹುದು, ಹೆದರೋದು ಏನಿಲ್ಲ. ಪ್ರತಿ ಅಕ್ಷರಕ್ಕೂ ಎನ್‌ಕೋಡಿಂಗ್ ಅಂತ ಒಂದು ಸಾಲು ಇರತ್ತೆ, ಸೊನ್ನೆ 48, ಒಂದು 49, ಚಿಕ್ಕ ಎಲ್ 108, ಹಾಗೆ ಹುಡುಕಿ. ಅದರ ಕೆಳಗೆ ಬಿಟ್‌ಮ್ಯಾಪ್ ಅಂತ ಬಂದ ಮೇಲೆ ಇರೋ ಒಂದೊಂದು ಸಾಲೂ ಒಂದೊಂದು ಪಿಕ್ಸೆಲ್ ಸಾಲು, ಹೆಕ್ಸಲ್ಲಿ, ಅಂದ್ರೆ 16ರ ಲೆಕ್ಕದ ಅಂಕಿಯಲ್ಲಿ; ಬಿಡಿಸಿ ಬರೆದ್ರೆ 1 ಅಂದ್ರೆ ಆನ್, 0 ಅಂದ್ರೆ ಆಫ್. 70 ಅಂದ್ರೆ 01110000, 88 ಅಂದ್ರೆ 10001000. ಎಡದಿಂದ ಆರು ಮಾತ್ರ ಲೆಕ್ಕಕ್ಕೆ, ಆರನೇದನ್ನ ಪಕ್ಕದ ಅಕ್ಷರಕ್ಕೆ ಅಂಟದ ಹಾಗೆ ಖಾಲಿ ಬಿಡೋದು, ಅಂದ್ರೆ ನಿಮ್ಮ ಕೈಲಿರೋದು ಐದೇ ಪಿಕ್ಸೆಲ್ ಅಗಲ. ಮೇಲೆ 70, ನಡುವೆ 88ಗಳು, ಕೆಳಗೆ ಮತ್ತೆ 70 ಹಾಕಿದ್ರೆ ಒಂದು ಸುತ್ತು ಆಯ್ತು. ಸೊನ್ನೆಯೊಳಗಿನ ಓರೆಗೆರೆ ಈ ಸೈಜಲ್ಲಿ ಎಂಟರ ಥರ ಕಾಣತ್ತೆ ಅನ್ಸಿದ್ರೆ ಒಳಗಿನ ಸಾಲುಗಳನ್ನೆಲ್ಲ 88 ಮಾಡಿ, ನಡುವಿನ ಒಂದೋ ಎರಡೋ ಸಾಲಿಗೆ ಮಾತ್ರ ಎ8 ಕೊಡಿ, ಅದು 10101000, ಮಧ್ಯ ಒಂದು ಚುಕ್ಕೆ ಬಂತು. ಮ್ಯಾಥ್ಸ್ ನೋಟ್‌ಬುಕ್ಕಿನ ಚೌಕದ ಹಾಳೆ ಮೇಲೆ ಪೆನ್ಸಿಲಲ್ಲಿ ತುಂಬಿಸಿ ನೋಡ್ಕೊಂಡು ಆಮೇಲೆ ಹೆಕ್ಸ್ ಬರೀರಿ, ಬೇಗ ಆಗತ್ತೆ. ಇದು ಬೇಡ ಅನ್ನೋರು ಜಿಬಿಡಿಎಫ್‌ಎಡ್ ಇಲ್ಲಾ ಫಾಂಟ್‌ಫೋರ್ಜ್ ಅನ್ನೋ ಫಾಂಟ್ ಎಡಿಟರ್ ಬಳಸಿ. ಅಕ್ಷರದ ಅಗಲ, ಬಾಕ್ಸ್ ಅಳತೆಯ ಸಾಲುಗಳನ್ನ ಮಾತ್ರ ಮುಟ್ಟಬೇಡಿ, ಅದು ಬದಲಾದ್ರೆ ಟರ್ಮಿನಲ್ಲಿನ ಸಾಲುಗಳೆಲ್ಲ ಅಡ್ಡಾದಿಡ್ಡಿ.

ಎಲ್ರೂ ಸೊನ್ನೆ, ಎಲ್, ಒಂದು ಇಷ್ಟನ್ನೇ ನೋಡ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮುಖ್ಯ ಚಿಹ್ನೆಗಳು, ಯಾಕಂದ್ರೆ ಕೋಡಲ್ಲಿ ಹೆಸರು ತಪ್ಪು ಓದಿದ್ರೂ ಸಂದರ್ಭದಿಂದ ಗೊತ್ತಾಗತ್ತೆ, ಕಾಮಾ ಜಾಗದಲ್ಲಿ ಫುಲ್‌ಸ್ಟಾಪ್ ಇದ್ರೆ ಗೊತ್ತಾಗಲ್ಲ. ಫುಲ್‌ಸ್ಟಾಪ್ 2×2 ಚೌಕ ಮಾಡಿ, ಕಾಮಾದ ಬಾಲ ಒಂದು ಪಿಕ್ಸೆಲ್ ಜಾಸ್ತಿ ಕೆಳಗೆ ಎಳೀರಿ, ಕರ್ಲಿ ಬ್ರಾಕೆಟ್ಟಿನ ಮೂಗು ಎದ್ದು ಕಾಣೋ ಹಾಗೆ ಮಾಡಿ, ಇಲ್ಲಾಂದ್ರೆ ಅದು ಮಾಮೂಲಿ ಬ್ರಾಕೆಟ್ ಥರಾನೇ ಕಾಣತ್ತೆ. ಇದೇ ತಿದ್ದುಪಡಿ ಬೋಲ್ಡ್ ಫೈಲಲ್ಲೂ ಮಾಡ್ಲೇಬೇಕು.

ಆಮೇಲೆ ಫ್ಯಾಮಿಲಿ ನೇಮ್ ಸಾಲಲ್ಲಿ ಹೊಸ ಹೆಸರು ಕೊಡಿ, ಇಲ್ಲಾಂದ್ರೆ ಸಿಸ್ಟಂ ಟರ್ಮಿನಸ್ ಜೊತೆ ಗೊಂದಲ ಆಗತ್ತೆ. ಬೇರೆಯವ್ರಿಗೆ ಹಂಚೋದಾದ್ರಂತೂ ಹೆಸರು ಬದಲಿಸ್ಲೇಬೇಕು, ಅದರ ಓಪನ್ ಫಾಂಟ್ ಲೈಸೆನ್ಸಲ್ಲಿ ಮೂಲ ಹೆಸರು ಕಾಯ್ದಿರಿಸಿದ್ದಾರೆ.

ಈಗ ಬಿಲ್ಡ್. 2019ರಲ್ಲಿ ಬಂದ ಪ್ಯಾಂಗೋ (ಸ್ಕ್ರೀನಲ್ಲಿ ಅಕ್ಷರ ಮೂಡಿಸೋ ಲೈಬ್ರರಿ) 1.44ರಿಂದ ಬಿಡಿಎಫ್, ಪಿಸಿಎಫ್ ಅನ್ನೋ ಹಳೇ ಬಿಟ್‌ಮ್ಯಾಪ್ ಫಾರ್ಮ್ಯಾಟ್ ಎರಡೂ ಗ್ನೋಮ್ ಟರ್ಮಿನಲ್ ಥರದ್ರಲ್ಲಿ ಕೆಲಸ ಮಾಡಲ್ಲ, ಅದಕ್ಕೇ ಓಟಿಬಿ (ಓಪನ್‌ಟೈಪ್ ಬಿಟ್‌ಮ್ಯಾಪ್) ಫಾರ್ಮ್ಯಾಟೇ ಬೇಕು. ಸೋರ್ಸ್ ಫೋಲ್ಡರಲ್ಲಿ ಕಾನ್ಫಿಗರ್ ಮಾಡಿ 'ಮೇಕ್ ಓಟಿಬಿ' ಕೊಡಿ, ಬಂದ ಫೈಲನ್ನ ಹೋಮ್‌ನ ಲೋಕಲ್ ಫಾಂಟ್ಸ್ ಫೋಲ್ಡರಿಗೆ ಹಾಕಿ ಫಾಂಟ್ ಕ್ಯಾಶ್ ಹೊಸದಾಗಿ ಮಾಡಿ. ಆದ್ರೂ ಕಾಣ್ತಿಲ್ವಾ, ಡೆಬಿಯನ್, ಉಬುಂಟುಲಿ ಫಾಂಟ್ ಹುಡುಕಿ ಕೊಡೋ ಫಾಂಟ್‌ಕಾನ್ಫಿಗ್ಗೇ ಬಿಟ್‌ಮ್ಯಾಪ್ ತಡೆದಿರತ್ತೆ, ಅದರ ಸೆಟ್ಟಿಂಗ್ ಫೋಲ್ಡರಲ್ಲಿ ಹೆಸರಲ್ಲಿ 'ನೋ ಬಿಟ್‌ಮ್ಯಾಪ್ಸ್' ಅಂತಿರೋ ಲಿಂಕ್ ತೆಗೆದು 'ಯೆಸ್ ಬಿಟ್‌ಮ್ಯಾಪ್ಸ್' ಹಾಕಿ.

ಟರ್ಮಿನಲಲ್ಲಿ ಸೈಜ್ ಕೊಡುವಾಗ 12 ಪಾಯಿಂಟ್ ಅಲ್ಲ, 12 ಪಿಕ್ಸೆಲ್, ಅಂದ್ರೆ 96 ಡಿಪಿಐಲಿ 9 ಪಾಯಿಂಟ್. ಎಕ್ಸ್‌ಟರ್ಮ್, ಫುಟ್ ಅನ್ನೋ ಟರ್ಮಿನಲ್ ಎರಡರಲ್ಲೂ ಚೆನ್ನಾಗಿ ಬರತ್ತೆ, ಕಿಟ್ಟಿ ಅನ್ನೋ ಟರ್ಮಿನಲ್ ಬಿಟ್‌ಮ್ಯಾಪ್ ಫಾಂಟ್ ತಗೊಳ್ಳೋದೇ ಇಲ್ಲ. 125% ಥರದ ಸ್ಕೇಲಿಂಗ್ ಆನ್ ಇದ್ರೆ ಆಫ್ ಮಾಡಿ, ಇಲ್ಲಾಂದ್ರೆ ಅಕ್ಷರದ ಚೂಪು ಹೋಗತ್ತೆ.

ಕೋಡಲ್ಲಿ ಕನ್ನಡ ಕಾಮೆಂಟ್ ಬರಿಯೋರಿಗೆ ಒಂದು ಮಾತು, 6×12 ಚೌಕದಲ್ಲಿ ಕನ್ನಡ ಬರೆಯೋಕೆ ಹೋಗ್ಬೇಡಿ, ಒತ್ತಕ್ಷರಕ್ಕೆ ಕೆಳಗೆ ಜಾಗಾನೇ ಇಲ್ಲ. ಫಾಂಟ್‌ಕಾನ್ಫಿಗ್‌ನಲ್ಲಿ ನಿಮ್ಮ ಫಾಂಟ್ ಆದ್ಮೇಲೆ ನೋಟೋ ಸ್ಯಾನ್ಸ್ ಕನ್ನಡ ಅಂತ ಸೇರಿಸಿ, ಇಂಗ್ಲಿಷ್ ನಿಮ್ಮದ್ರಿಂದ, ಕನ್ನಡ ಅದ್ರಿಂದ ಬರತ್ತೆ.