ಕ್ಲಿಕ್ ಎಂದಿತು, ಈಡು ಹಾರಲಿಲ್ಲ: ಬೋಲ್ಟ್ ಆಕ್ಷನ್ ರೈಫಲ್‌ನ ಮಿಸ್‌ಫೈರ್ ಪತ್ತೆ ಹೇಗೆ?

ಟ್ರಿಗರ್ ಎಳೆದಾಗ ಬರೀ ಕ್ಲಿಕ್ ಅಂತ ಸದ್ದಾದರೆ ಬಹಳ ಜನ ಮಾಡುವ ಮೊದಲ ಕೆಲಸ ಏನು ಗೊತ್ತಾ? ತಕ್ಷಣ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ದಿಂಡು) ಎಳೆದು ತೋಟಾ ಹೊರಗೆ ಎಸೆಯುವುದು. ಎರಡನೆಯದು, ಆ ತೋಟಾವನ್ನು ಹುಲ್ಲಿನಲ್ಲಿ ಕಳೆದುಕೊಳ್ಳುವುದು. ಮೂರನೆಯದು, ಮನೆಗೆ ಬಂದು ಹೊಸ ಸ್ಪ್ರಿಂಗ್‌ಗೆ ಆರ್ಡರ್ ಹಾಕುವುದು. ಮೊದಲನೆಯದು ಅಪಾಯ, ಎರಡನೆಯದು ಸಾಕ್ಷಿ ನಾಶ, ಮೂರನೆಯದು ದುಡ್ಡು ದಂಡ.

ಮೊದಲು ಸುಮ್ನೆ ಕಾಯಿರಿ. ನಳಿಗೆ ಗುರಿಯ ಕಡೆಗೇ ಇರಲಿ, ಬೋಲ್ಟ್ ಮುಟ್ಟಬೇಡಿ. ಕನಿಷ್ಠ 30 ಸೆಕೆಂಡ್ ಎನ್ನುತ್ತಾರೆ, ನನ್ನ ಪ್ರಕಾರ ಪೂರ್ತಿ ಒಂದು ನಿಮಿಷ. ತೋಟಾದ ತಳದಲ್ಲಿರುವ, ಏಟು ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ, ಇದೇ ಹ್ಯಾಂಗ್‌ಫೈರ್. ಅಷ್ಟರಲ್ಲಿ ನೀವು ಬೋಲ್ಟ್ ತೆರೆದಿದ್ದರೆ ಕೇಸ್‌ಗೆ (ತೋಟಾದ ಹಿತ್ತಾಳೆ ಚಿಪ್ಪಿಗೆ) ಸುತ್ತ ಆಸರೆ ಇರುವುದಿಲ್ಲ, ಅದು ಒಡೆದು ಹಿತ್ತಾಳೆ ಚೂರು ಮುಖಕ್ಕೇ ಬರುತ್ತದೆ. ಕಾದ ಮೇಲೂ ಮುಖವನ್ನು ಪಕ್ಕಕ್ಕೆ ಇಟ್ಟುಕೊಂಡೇ ಬೋಲ್ಟ್ ತೆರೆಯಿರಿ. ಕ್ಲಿಕ್ ಬದಲು 'ಪುಸ್' ಎನ್ನುವ ಸಣ್ಣ ಸದ್ದು ಬಂತೋ, ಅದು ಬೇರೆಯೇ ಕಥೆ. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ತೋಟಾ ತೆಗೆದು, ಬೋಲ್ಟ್ ಹೊರಗೆಳೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದಾ ನೋಡದೆ ಮುಂದಿನ ತೋಟಾ ಹಾಕಲೇಬೇಡಿ. ಹಾಕಿದರೆ ನಳಿಗೆ ಸೀಳುತ್ತದೆ.

ಪ್ರೈಮರ್ ಮೇಲಿನ ಗುಳಿ ನೋಡಿ

ಟ್ರಿಗರ್ ಎಳೆದಾಗ ಬೋಲ್ಟಿನೊಳಗಿನ ಫೈರಿಂಗ್ ಪಿನ್ ಮುಂದೆ ಹಾರಿ ಪ್ರೈಮರ್‌ಗೆ ಬಡಿಯುತ್ತದೆ, ಗುಳಿ ಬೀಳುವುದು ಆಗಲೇ. ಹಾರದ ತೋಟಾವನ್ನು ಒಂದು ಕೈಯಲ್ಲಿ, ಅದೇ ರೈಫಲ್‌ನಲ್ಲಿ ಸರಿಯಾಗಿ ಹಾರಿದ ಖಾಲಿ ಕೇಸನ್ನು ಇನ್ನೊಂದು ಕೈಯಲ್ಲಿ ಹಿಡಿದು ಟಾರ್ಚ್ ಬೆಳಕಲ್ಲಿ ಹೋಲಿಸಿ. ಹಾರಿದ ಕೇಸಿನ ಗುಳಿ ಒತ್ತಡಕ್ಕೆ ಸಿಕ್ಕಿ ಸ್ವಲ್ಪ ಬೇರೆ ಥರ ಕಾಣುತ್ತದೆ. ಆದರೂ ಅಂದಾಜು ಸಿಗುತ್ತದೆ.

ಗುಳಿಯೇ ಇಲ್ಲವೇ? ಫೈರಿಂಗ್ ಪಿನ್ ಮುರಿದಿದೆ, ಇಲ್ಲವೇ ಟ್ರಿಗರ್ ಅದನ್ನು ಹಿಡಿದುಕೊಳ್ಳುತ್ತಿಲ್ಲ. ಟ್ರಿಗರ್ ಹಗುರ ಮಾಡಿಸಲು ಹೋಗಿ ಸ್ಕ್ರೂ ಅತಿಯಾಗಿ ತಿರುಗಿಸಿದ ರೈಫಲ್‌ಗಳಲ್ಲಿ ಬೋಲ್ಟ್ ಮುಚ್ಚುವಾಗಲೇ ಪಿನ್ ಅದರ ಜೊತೆ ಮುಂದಕ್ಕೆ ಜಾರಿಬಿಡುತ್ತದೆ. ಅಂಥ ರೈಫಲ್‌ನಲ್ಲಿ ಮುಂದಿನ ಸಲ ಬೋಲ್ಟ್ ಮುಚ್ಚುವಾಗಲೇ ಈಡು ಹಾರಬಹುದು. ನೇರ ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಹತ್ತಿರ ಒಯ್ಯಿರಿ.

ಗುಳಿ ಆಳವಾಗಿ, ಸರಿಯಾಗಿ ಬಿದ್ದಿದೆಯೇ? ರೈಫಲ್ ಬಿಡಿ, ತಪ್ಪು ತೋಟಾದ್ದು. ಎಣ್ಣೆ ಇಳಿದಿರಬಹುದು, ತೇವ ಆಗಿರಬಹುದು, ಹಳೆಯದಿರಬಹುದು. ಕೈಯಲ್ಲಿ ತುಂಬಿಕೊಂಡ ತೋಟಾ ಆದರೆ ಪ್ರೈಮರ್ ಪೂರ್ತಿ ಕೂತಿದೆಯಾ ಬೆರಳಾಡಿಸಿ ನೋಡಿ. ಅದು ಕೇಸಿನ ತಳಕ್ಕಿಂತ ಕೂದಲಷ್ಟು ಒಳಗಿರಬೇಕು, ಲೆಕ್ಕದಲ್ಲಿ ಹೇಳುವುದಾದರೆ 0.08ರಿಂದ 0.13 ಮಿ.ಮೀ. ಮೇಲೆದ್ದು ನಿಂತ ಪ್ರೈಮರ್‌ಗೆ ಬಿದ್ದ ಮೊದಲ ಏಟು ಅದನ್ನು ಒಳಗೆ ಕೂರಿಸುವುದರಲ್ಲೇ ಮುಗಿದುಹೋಗುತ್ತದೆ. 'ಎರಡನೇ ಸಲ ಹೊಡೆದಾಗ ಹಾರಿತು' ಎನ್ನುವವರ ತೋಟಾ ಬಹುಪಾಲು ಈ ಜಾತಿಯದು.

ಗುಳಿ ತೆಳುವಾಗಿದೆಯೇ? ಜನ ಎಡವುವುದು ಇಲ್ಲೇ.

ತೆಳು ಗುಳಿಯ ಕಾರಣ ಹುಡುಕುವುದು

ಬೋಲ್ಟ್ ಬಿಚ್ಚುವ ಮುಂಚೆ ಒಂದು ವಿಷಯ ನೋಡಿಬಿಡಿ. ಬೋಲ್ಟಿನ ಹಿಡಿ ಪೂರ್ತಿ ಕೆಳಗೆ ಬರುತ್ತಿದೆಯಾ? ಹಿಡಿ ಸ್ವಲ್ಪ ಮೇಲೆ ನಿಂತಿದ್ದರೆ ಅನೇಕ ರೈಫಲ್‌ಗಳಲ್ಲಿ ಪಿನ್ ಮುಂದೆ ಹಾರುವಾಗ ಬೋಲ್ಟಿನ ಇಳಿಜಾರು ಅಂಚಿಗೆ ಬಡಿದು, ಹಿಡಿಯನ್ನು ಕೆಳಗೆ ತಳ್ಳುವುದರಲ್ಲೇ ತನ್ನ ಬಲ ಕಳೆದುಕೊಳ್ಳುತ್ತದೆ. ಖಾಲಿ ರೈಫಲ್‌ನಲ್ಲಿ ಡಮ್ಮಿ ತೋಟಾ ಹಾಕಿ ಟ್ರಿಗರ್ ಎಳೆದು ನೋಡಿ, ಹಿಡಿ ಸಣ್ಣಗೆ ಜಿಗಿದರೆ ಕಳ್ಳ ಸಿಕ್ಕಿದ. ಹಿಡಿ ಕೂರುವ ಕಡೆ ಸ್ಟಾಕಿನ ಮರದಲ್ಲಿ ಉಜ್ಜಿ ಹೊಳೆಯುವ ಕಲೆ ಇದ್ದರೆ ಮರ ತಡೆಯುತ್ತಿದೆ ಎಂದರ್ಥ. ಸ್ಕೋಪ್ ಹಾಕಿಸಿದ ಮೇಲೆ ಶುರುವಾದ ತೊಂದರೆಯಾದರೆ ಮೌಂಟಿನ ಸ್ಕ್ರೂ ಉದ್ದ ಜಾಸ್ತಿಯಾಗಿ ಬೋಲ್ಟಿಗೆ ತಾಗುತ್ತಿದೆಯಾ ನೋಡಿ.

ಅದು ಸರಿಯಿದ್ದರೆ ಬೋಲ್ಟ್ ಬಿಚ್ಚಿ. ಕನ್ನಡಕ ಹಾಕಿಕೊಳ್ಳಿ, ಪಿನ್ನನ್ನು ಮುಂದೆ ತಳ್ಳುವ ಸ್ಪ್ರಿಂಗ್ ಗಟ್ಟಿ ಇರುತ್ತದೆ. ಮೌಸರ್ 98ಕ್ಕೆ ಯಾವ ಸಲಕರಣೆಯೂ ಬೇಡ: ಸೇಫ್ಟಿ ನಡುವೆ ನಿಲ್ಲಿಸಿ, ಬೋಲ್ಟ್ ಹೊರತೆಗೆದು, ಪಕ್ಕದ ಸಣ್ಣ ಬಟನ್ ಒತ್ತಿ ಹಿಂಭಾಗ ತಿರುಗಿಸಿದರೆ ಪಿನ್ ಸಮೇತ ಬರುತ್ತದೆ. ರೆಮಿಂಗ್ಟನ್ 700ರಲ್ಲಿ ಹಿಂದಿನ ತುಂಡಿನಲ್ಲಿರುವ ಕಚ್ಚಿಗೆ ನಾಣ್ಯ ಸಿಕ್ಕಿಸಿ ತಿರುಗಿಸುತ್ತಾರೆ. ಮೊಸಿನ್-ನಾಗಾಂತ್ ಆದರೆ ಹುಷಾರು. ಅದರ ಪಿನ್ ಎಷ್ಟು ಹೊರಚಾಚಬೇಕು ಎನ್ನುವುದನ್ನು ಅದನ್ನು ಎಷ್ಟು ಸುತ್ತು ತಿರುಗಿಸಿ ಕೂರಿಸಿದ್ದೀರಿ ಎನ್ನುವುದೇ ತೀರ್ಮಾನಿಸುತ್ತದೆ. ಬಿಚ್ಚುವ ಮುಂಚೆ ಹಿಂದಿನ ಗೆರೆಗಳ ಫೋಟೊ ತೆಗೆದುಕೊಳ್ಳಿ.

ಒಳಗೆ ಸಾಮಾನ್ಯವಾಗಿ ಸಿಗುವುದು ಜೇನಿನಂಥ ಕಂದು ಅಂಟು. ವರ್ಷಗಟ್ಟಲೆ ಬಿಟ್ಟ ಎಣ್ಣೆ ಒಣಗಿ ಹೀಗಾಗಿರುತ್ತದೆ, ಜೊತೆಗೆ ಮದ್ದಿನ ಮಸಿ, ಹಿತ್ತಾಳೆಯ ಪುಡಿ. ಹಳೆಯ ಮಿಲಿಟರಿ ರೈಫಲ್‌ಗಳಲ್ಲಿ ಗೋದಾಮಿನಲ್ಲಿ ಇಡಲು ಬಳಿದ ಗ್ರೀಸ್ ಬೋಲ್ಟಿನೊಳಗೆ ಹಾಗೇ ಕೂತಿರುತ್ತದೆ. ಈ ಅಂಟಿನಲ್ಲಿ ಪಿನ್ ಮುಂದೆ ಹೋಗುತ್ತದೆ, ಆದರೆ ನಿಧಾನ. ಚಳಿಯಲ್ಲಿ ಇನ್ನೂ ನಿಧಾನ. ಮಧ್ಯಾಹ್ನ ಸರಿಯಾಗಿ ಹಾರಿ ಬೆಳಗಿನ ಚಳಿಯಲ್ಲಿ ಕೈಕೊಡುವ ರೈಫಲ್ ಇದ್ದರೆ ಮೊದಲು ಇದನ್ನೇ ಅನುಮಾನಿಸಿ.

ಪಿನ್ ಮತ್ತು ಸ್ಪ್ರಿಂಗನ್ನು ಸೀಮೆಎಣ್ಣೆಯಲ್ಲೋ ಗನ್ ಸಾಲ್ವೆಂಟ್‌ನಲ್ಲೋ ನೆನೆಸಿ ಬಟ್ಟೆಯಿಂದ ಒರೆಸಿ. ಇದನ್ನು ಎಲ್ಲರೂ ಮಾಡುತ್ತಾರೆ. ಮರೆಯುವುದು ಬೋಲ್ಟಿನ ಒಳಗಿನ ತುದಿಯನ್ನು, ಪಿನ್ನಿನ ತೂತು ಇರುವ ಮುಂಭಾಗವನ್ನು. ಕೊಳಕೆಲ್ಲ ಅಲ್ಲೇ ಸೇರಿ ಗಟ್ಟಿಯಾಗಿ ಪಿನ್ನಿನ ಭುಜವನ್ನು ತಡೆಯುತ್ತದೆ. ಉದ್ದ ಕಡ್ಡಿಗೆ ಹತ್ತಿ ಸುತ್ತಿ, ಸಾಲ್ವೆಂಟ್‌ನಲ್ಲಿ ಅದ್ದಿ, ತಳ ಮುಟ್ಟುವವರೆಗೆ ಹಾಕಿ ತಿರುಗಿಸಿ. ಹತ್ತಿ ಬೆಳ್ಳಗೆ ಹೊರಬರುವವರೆಗೆ ಬದಲಿಸುತ್ತಿರಿ. ಆಮೇಲೆ ಪೂರ್ತಿ ಒಣಗಿಸಿ.

ಮತ್ತೆ ಎಣ್ಣೆ ಹಾಕಬೇಕಾ? ಬೇಡ. ತುಕ್ಕಿನ ಭಯವಿದ್ದರೆ ಎಣ್ಣೆ ಬಟ್ಟೆಯಿಂದ ಪಿನ್ ಸವರಿ, ಮತ್ತೆ ಒಣ ಬಟ್ಟೆಯಿಂದ ಒರೆಸಿಬಿಡಿ, ಅಷ್ಟೇ. ಬಾಗಿಲ ಕೀಲಿನಿಂದ ಬಂದೂಕಿನವರೆಗೆ ಎಲ್ಲಕ್ಕೂ ಒಂದೇ ಎಂದು ಮಾರುವ ಸ್ಪ್ರೇಗಳನ್ನು ಬೋಲ್ಟಿನೊಳಗೆ ಹೊಡೆಯಬೇಡಿ. ಇವತ್ತು ನುಣ್ಣಗೆ ಕಾಣುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಸಾಲದ್ದಕ್ಕೆ ಪ್ರೈಮರ್‌ಗೂ ಇಳಿಯುತ್ತದೆ.

ಸ್ಪ್ರಿಂಗ್ ಸೋತಿದ್ದರೆ ಹೊಸದು ಹಾಕಿ. ಎಳೆದು ಉದ್ದ ಮಾಡುವವರಿದ್ದಾರೆ, ಸ್ವಲ್ಪ ದಿನಕ್ಕೆ ಅದು ಮತ್ತೆ ಕುಗ್ಗುತ್ತದೆ. ವಾಷರ್ ತುಂಬುವವರೂ ಇದ್ದಾರೆ. ಸುರುಳಿಗಳು ಒಂದಕ್ಕೊಂದು ತಾಗಿ ಪಿನ್ ಹಿಂದೆ ಸರಿದು ಕಾಕ್ ಆಗುವುದೇ ಕಷ್ಟವಾಗುತ್ತದೆ.

ಪಿನ್ನಿನ ತುದಿ ಬೋಲ್ಟಿನ ಮುಖದಿಂದ ಎಷ್ಟು ಹೊರಬರುತ್ತದೆ ಎಂದು ಕ್ಯಾಲಿಪರ್‌ನ ಆಳದ ಕಡ್ಡಿಯಿಂದ ಅಳೆಯಿರಿ. ಹೆಚ್ಚಿನ ಸೆಂಟರ್‌ಫೈರ್ (ತೋಟಾದ ತಳದ ನಡುವೆ ಪ್ರೈಮರ್ ಇರುವ) ರೈಫಲ್‌ಗಳಲ್ಲಿ 1.4ರಿಂದ 1.6 ಮಿ.ಮೀ. ಸುತ್ತಮುತ್ತ ಇರುತ್ತದೆ, ನಿಮ್ಮ ರೈಫಲ್‌ನ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಕಡಿಮೆ ಇದ್ದರೆ ಪಿನ್ನಿನ ಭುಜವನ್ನು ಅರದಿಂದ ಉಜ್ಜಿ ಸರಿಮಾಡಲು ಹೋಗಬೇಡಿ. ಜಾಸ್ತಿ ಚಾಚಿದ ಪಿನ್ ಪ್ರೈಮರ್ ತೂತು ಮಾಡುತ್ತದೆ, ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ.

ಇಷ್ಟಾದರೂ ತೆಳು ಗುಳಿಯೇ ಬಂದರೆ ಹೆಡ್‌ಸ್ಪೇಸ್ ನೋಡಬೇಕು, ಅಂದರೆ ಬೋಲ್ಟಿನ ಮುಖದಿಂದ ಚೇಂಬರ್‌ನಲ್ಲಿ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ತೋಟಾ ತಡೆದು ನಿಲ್ಲುವ ಕಡೆಯವರೆಗಿನ ಅಂತರ. ಚೇಂಬರ್‌ನಲ್ಲಿ ತೋಟಾ ಸಡಿಲವಾಗಿದ್ದರೆ ಪಿನ್ ಬಡಿದಾಗ ಅದು ಮುಂದಕ್ಕೆ ಸರಿಯುತ್ತದೆ, ಏಟು ಪೂರ್ತಿ ಬೀಳುವುದಿಲ್ಲ. ಫ್ಯಾಕ್ಟರಿ ತೋಟಾ ಹಾರಿ, ನೀವೇ ತುಂಬಿದ್ದು ಮಾತ್ರ ಹಾರದಿದ್ದರೆ ಕೇಸನ್ನು ಮತ್ತೆ ಅಳತೆಗೆ ತರುವ ನಿಮ್ಮ ಡೈ ಅದರ ಭುಜವನ್ನು (ಕೇಸ್ ಕಿರಿದಾಗುವ ಜಾಗ) ಅತಿಯಾಗಿ ಹಿಂದೆ ತಳ್ಳುತ್ತಿರಬಹುದು. ಹಾರಿದ ಕೇಸಿನ ಬುಡದ ಹತ್ತಿರ ಹೊಳೆಯುವ ಉಂಗುರ ಕಾಣುತ್ತದಾ ನೋಡಿ. ತುದಿ ಬಾಗಿಸಿದ ಪೇಪರ್ ಕ್ಲಿಪ್ಪನ್ನು ಒಳಗೆ ಹಾಕಿ ಎಳೆದಾಗ ಅಲ್ಲೇ ತೋಡು ಸಿಕ್ಕರೆ ಆ ಕೇಸ್ ತುಂಡಾಗಲು ತಯಾರಾಗಿದೆ. ರೈಫಲ್‌ನದೇ ತಪ್ಪು ಇರಬಹುದು ಅನ್ನಿಸಿದರೆ ಹೆಡ್‌ಸ್ಪೇಸ್ ಅಳೆಯುವ ಗೋ, ನೋ-ಗೋ ಗೇಜ್ ಹಾಕಿಸಿ. ಲೀ-ಎನ್‌ಫೀಲ್ಡ್ ನಂ. 4ರಲ್ಲಿ ಇದನ್ನು ಸರಿಮಾಡಲೆಂದೇ 0ಯಿಂದ 3ರವರೆಗೆ ನಂಬರಿನ ಬೋಲ್ಟ್ ಹೆಡ್‌ಗಳಿವೆ. ನೋ-ಗೋ ಮೇಲೆ ಬೋಲ್ಟ್ ಮುಚ್ಚಿದರೆ ಗನ್‌ಸ್ಮಿತ್ ನೋಡುವವರೆಗೆ ಆ ರೈಫಲ್ ಮುಟ್ಟಬೇಡಿ.

.22 ರಿಮ್‌ಫೈರ್ ಬೇರೆ ಲೆಕ್ಕ. ಅದರಲ್ಲಿ ಸ್ಫೋಟಕ ಇರುವುದು ಅಂಚಿನ ಮಡಿಕೆಯೊಳಗೆ, ಕೆಲವೊಮ್ಮೆ ಒಂದು ಕಡೆ ಸರಿಯಾಗಿ ಹರಡಿರುವುದಿಲ್ಲ. ಒಂದೆರಡು ಕೈಕೊಟ್ಟರೆ ತೋಟಾದ ಬ್ರ್ಯಾಂಡ್ ಬದಲಿಸಿ ನೋಡಿ.

ಕೊನೆಗೆ ಪರೀಕ್ಷೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಮ್ಯಾಗಝೀನ್ ತುಂಬಬೇಡಿ, ಒಂದೊಂದೇ ತೋಟಾ ಹಾಕಿ, ಎರಡು ಬ್ರ್ಯಾಂಡ್‌ಗಳಲ್ಲಿ ನೋಡಿ. ಹಾರದೆ ಉಳಿದದ್ದಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ ಬೇರೆ ಡಬ್ಬಿಯಲ್ಲಿಡಿ, ಜೇಬಿನಲ್ಲಿ ಒಳ್ಳೆಯ ತೋಟಾಗಳ ಜೊತೆ ಸೇರಿಸಬೇಡಿ. ಗುಳಿ ನೋಡಿ ಮುಗಿದ ಮೇಲೆ ಅವನ್ನು ಕಸಕ್ಕೆ ಎಸೆಯದೆ ರೇಂಜಿನವರಿಗೋ ಗನ್‌ಸ್ಮಿತ್‌ಗೋ ಒಪ್ಪಿಸಿ.